ಪ್ರಾರಬ್ಧವೆಂಬ ಸಮಾಧಾನ

ತಲೆಗೆ ಬಿದ್ದ ಪೆಟ್ಟಿನಿಂದಲೋ ಪಾರ್ಶ್ವವಾಯುವಿನಿಂದಲೋ ಮೆದುಳು ಘಾಸಿಗೊಂಡು, ಆಸ್ಪತ್ರೆಯಲ್ಲಿ ಗಂಡಾಂತರವನ್ನು ಕಳೆದು ಮನೆಗೆ ಮರಳಿದವನನ್ನು ಕುರಿತು ಮನೆಯವರು ಆಡುವ ಮಾತು ಬಹುಮಟ್ಟಿಗೆ ಒಂದೇ: “ಜೀವ ಉಳೀತು, ಆದರೆ ಮೊದಲಿನ ಹಾಗಿಲ್ಲ.” ಶಾಂತಸ್ವಭಾವದವನು ಸಿಡುಕನಾಗಿದ್ದಾನೆ, ಲೆಕ್ಕದಲ್ಲಿ ನಿಪುಣನಾಗಿದ್ದವನು ಹಾಲಿನವನಿಗೆ ಕೊಡಬೇಕಾದ ಚಿಲ್ಲರೆಯನ್ನು ಎಣಿಸಲಾರನು, ಹೆಂಡತಿಯ ಹೆಸರು ನಾಲಗೆಯ ತುದಿಯಲ್ಲಿ ಬಂದು ನಿಂತು ಹೊರಬೀಳದೆ ಹೋಗುತ್ತದೆ. ಹಾಗಾದರೆ ಮೊದಲಿದ್ದವನು ಎಲ್ಲಿಗೆ ಹೋದನು? ಆತ್ಮವು ನಿರ್ವಿಕಾರವೆಂದು ತಲೆಮಾರುಗಳಿಂದ ಕೇಳುತ್ತ ಬಂದಿರುವ ನಮ್ಮ ಮನೆಗಳಲ್ಲಿ ಇದು ವಿದ್ವತ್ಸಭೆಯ ಪ್ರಶ್ನೆಯಾಗಿ ಉಳಿಯದೆ, ನಡುಮನೆಯಲ್ಲಿ ಔಷಧಿಯ ಚೀಟಿಯನ್ನು ಹಿಡಿದು ನಿಂತ ಗೃಹಿಣಿಯ ಪ್ರಶ್ನೆಯಾಗುತ್ತದೆ.

ಆಕೆಗೆ ಸಿದ್ಧವಾಗಿ ದೊರೆಯುವ ಉತ್ತರಗಳು ಎರಡು. ಮೊದಲನೆಯದು ಪ್ರಾರಬ್ಧ. ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುವವನಲ್ಲ. ತನ್ನ ದುಃಖವನ್ನು ತಾನೇ ಎದುರಿಸಿ, ಇದು ನನ್ನ ಪ್ರಾರಬ್ಧ, ಅನುಭವಿಸಿ ತೀರಿಸುವೆನು ಎಂದು ಧೈರ್ಯ ತಂದುಕೊಳ್ಳುವವನ ಬಾಯಲ್ಲಿ ಆ ಮಾತಿಗೆ ಘನತೆಯುಂಟು. ಆದರೆ ನೋಡಲು ಬಂದ ನೆಂಟನು ಕಾಫಿಯ ಲೋಟವನ್ನು ಕೆಳಗಿಡುತ್ತ, ಎದುರಿಗೆ ಕುಳಿತವನಿಗೆ ಕೇಳಿಸುವಂತೆಯೇ “ಏನು ಮಾಡೋದಮ್ಮ, ಪಡಕೊಂಡು ಬಂದದ್ದು” ಎಂದಾಗ ಅದು ಸಮಾಧಾನವಾಗದೆ ತೀರ್ಪಾಗುತ್ತದೆ. ಮಾತಾಡಲಾರದವನಿಗೆ ಮಾತು ತಿಳಿಯುವುದೂ ಇಲ್ಲವೆಂಬ ಭ್ರಮೆ ನಮ್ಮಲ್ಲಿ ವ್ಯಾಪಕವಾಗಿದೆ. ನುಡಿಯುವ ಶಕ್ತಿ ಕುಂದಿದವರಲ್ಲಿ ಅನೇಕರಿಗೆ ಗ್ರಹಿಸುವ ಶಕ್ತಿ ಬಹುಪಾಲು ಉಳಿದಿರುತ್ತದೆ. ತೀರ್ಪನ್ನು ಕೇಳಿಯೂ ಮೇಲ್ಮನವಿ ಸಲ್ಲಿಸಲಾರದ ಸ್ಥಿತಿ ಅವರದು.

ಎರಡನೆಯ ಉತ್ತರ ಹೆಚ್ಚು ಸೂಕ್ಷ್ಮವಾದುದು. ವೀಣೆ ಒಡೆದರೂ ವೈಣಿಕನು ಅಕ್ಷತನಾಗಿರುವಂತೆ, ಮೆದುಳು ಕೆಟ್ಟರೂ ಒಳಗಿನ ಚೇತನಕ್ಕೆ ಹಾನಿಯಿಲ್ಲ ಎಂಬುದು ಅದರ ಸಾರ. ವೀಣೆಯ ಊರಾದ ಮೈಸೂರಿನಲ್ಲಿ ಈ ಉಪಮೆ ಬೇಗ ಮನಸ್ಸಿಗೆ ನಾಟುತ್ತದೆ. ನನಗೂ ಅದು ಪ್ರಿಯವೇ. ಆದರೆ ಅಕ್ಷತನಾದ ಆ ವೈಣಿಕನು ಈಗ ಏನು ಅನುಭವಿಸುತ್ತಿದ್ದಾನೆಂಬುದನ್ನು ಉಪಮೆ ಹೇಳುವುದಿಲ್ಲ. ಸಾಕ್ಷಿಗೆ ನೋವಿಲ್ಲದಿರಬಹುದು, ಜೀವನಿಗೆ ನೋವಿದೆ, ಮತ್ತು ನಾವು ಉಣಿಸಿ, ಮೀಯಿಸಿ, ಮಾತಾಡಿಸಬೇಕಾದುದು ಆ ಜೀವನನ್ನೇ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಮನುಷ್ಯನ ಪತನಕ್ರಮವು ವಿಷಯಚಿಂತನೆಯಿಂದ ಆರಂಭವಾಗಿ, ಸಂಗ, ಕಾಮ, ಕ್ರೋಧ, ಸಂಮೋಹಗಳನ್ನು ಹಾದು, ಸ್ಮೃತಿಭ್ರಂಶಕ್ಕೂ ಬುದ್ಧಿನಾಶಕ್ಕೂ ಇಳಿಯುತ್ತದೆ. ಮೆದುಳಿಗೆ ಪೆಟ್ಟಾದವನಲ್ಲಿ ಈ ಸೋಪಾನವು ತಲೆಕೆಳಗಾಗಿರುವುದನ್ನು ಗಮನಿಸಬೇಕು: ಮೊದಲು ಭಗ್ನವಾದದ್ದು ಸ್ಮೃತಿ ಮತ್ತು ಬುದ್ಧಿ; ಕ್ರೋಧವು ಆಮೇಲೆ ಬಂದದ್ದು. ಉದ್ವೇಗವನ್ನು ತಡೆದು ನಿಲ್ಲಿಸುವ ಕಾರ್ಯದಲ್ಲಿ ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಪ್ರಧಾನ ಪಾತ್ರವುಂಟು. ಅದು ಜಖಂಗೊಂಡಾಗ ಸಿಟ್ಟು ಕಟ್ಟೊಡೆಯುತ್ತದೆ. ಸಂಯಮವಿಲ್ಲದವನೆಂದು ಇಂಥವನನ್ನು ಗದರಿಸುವುದು ಧರ್ಮವೆನಿಸದು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರನ್ನು ಫ್ರಾಂಕ್‌ಫರ್ಟಿನಲ್ಲಿ ಉಪಚರಿಸಿದ ಕರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯನು, ತಮ್ಮ ಶಕ್ತಿಗೆ ಮೀರಿದ ಸಣ್ಣ ಕೆಲಸವೊಂದು ಎದುರಾದೊಡನೆ ಅವರು ಪ್ರಳಯವೇ ಬಂದಂತೆ ಕಂಗೆಡುವುದನ್ನು ಕಂಡು ಬರೆದಿಟ್ಟನು. ನಾವು ಹಟವೆನ್ನುವುದರಲ್ಲಿ ಎಷ್ಟೋ ಪಾಲು ಈ ಭೀತಿ.

ನುಡಿಯುವ ಶಕ್ತಿ ಕುಂದಿದವರ ವಿಷಯದಲ್ಲಿ ಮೈಸೂರಿಗೆ ವಿಶೇಷವಾದ ಸಂಬಂಧವೊಂದಿದೆ. ಊರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದೇ ಕರೆಯುವ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ 1966ರಲ್ಲಿ ಶಂಕುಸ್ಥಾಪನೆ ಮಾಡಿದವರು ಅಂದಿನ ರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್. 1918ರಿಂದ 1921ರವರೆಗೆ ಇದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರು. ಮಾತಿಗೆ ನಿಲುಕದ ತತ್ತ್ವವನ್ನು ವಿವರಿಸುವುದರಲ್ಲಿ ಆಯುಷ್ಯವನ್ನು ಕಳೆದವರು, ಮಾತನ್ನು ಕಳೆದುಕೊಂಡವರ ಮನೆಗೆ ಅಡಿಗಲ್ಲನ್ನಿಟ್ಟರೆಂಬುದು ನನಗೆ ಕೇವಲ ಕಾಕತಾಳೀಯವಾಗಿ ತೋರುವುದಿಲ್ಲ.

ಕೃಷ್ಣಮೂರ್ತಿಪುರದ ಒಂದು ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರನ್ನು ನಾನು ಆಗಾಗ ನೋಡುತ್ತಿದ್ದೆನು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ನೀರು ಬೇಕಾದರೆ “ಅದು… ಅದು…” ಎಂದು ಎಡಗೈಯಿಂದ ಗಾಳಿಯನ್ನು ತಡವುತ್ತಿದ್ದ ಆ ಹಿರಿಯರು, ದೇವರ ಮುಂದೆ ಕೂರಿಸಿದರೆ ವಿಷ್ಣುಸಹಸ್ರನಾಮದ ಶ್ಲೋಕಗಳನ್ನು ಒಂದರ ಹಿಂದೊಂದಾಗಿ ಅಸ್ಖಲಿತವಾಗಿ ಹೇಳಿಬಿಡುತ್ತಿದ್ದರು. ಮನೆಯವರು ಇದನ್ನು ದೈವಕೃಪೆಯೆಂದರು. ಬಾಲ್ಯದಿಂದ ಬಾಯಿಪಾಠವಾದ ಸ್ತೋತ್ರ, ಮಗ್ಗಿ, ವಾರದ ಹೆಸರುಗಳು ಹೀಗೆ ಉಳಿಯುವುದುಂಟೆಂದೂ, ಹೊಸ ವಾಕ್ಯವನ್ನು ಕಟ್ಟುವ ದಾರಿಯೇ ಬೇರೆಯೆಂದೂ ಅವರಿಗೆ ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಚಿಕಿತ್ಸಕಿ ವಿವರಿಸಿದಳು. ಎರಡು ಮಾತುಗಳಿಗೂ ವಿರೋಧವನ್ನು ನಾನು ಕಾಣೆನು. ರಾಗದ ದಾರಿಯಿಂದ ಮಾತನ್ನು ಮರಳಿ ತರುವ ಚಿಕಿತ್ಸಾಕ್ರಮವೊಂದನ್ನು ಬಾಸ್ಟನ್ನಿನ ವಿದ್ವಾಂಸರು 1973ರಲ್ಲಿಯೇ ಪ್ರಕಟಿಸಿದ್ದರು.

ಆ ಚಿಕಿತ್ಸಕಿ ಮನೆಯವರಿಗೆ ಕಲಿಸಿದ ಪಾಠ ಮಾತ್ರ ಯಾವ ಉಪನ್ಯಾಸಕ್ಕೂ ಕಡಮೆಯಾದುದಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಕಿವುಡರಿಗೆ ಕೂಗುವಂತೆ ಕೂಗಬಾರದು. ಟಿವಿಯನ್ನು ಆರಿಸಿ, ಎದುರಿಗೆ ಕುಳಿತು, ಕಾಯಬೇಕು. ತಡವರಿಸುವ ಪದವನ್ನು ಬಾಯಿಂದ ಕಿತ್ತು ತಾವೇ ಪೂರೈಸಬಾರದು. ಕಾಯುವುದು ಅದೆಷ್ಟು ಕಠಿಣವೆಂಬುದನ್ನು ಮೇಷ್ಟ್ರ ಪತ್ನಿಯ ಮುಖದಲ್ಲಿ ಕಂಡೆನು. “ನಿಧಾನವಾಗಿ ಹೇಳಿ, ನಾನು ಇಲ್ಲೇ ಇದ್ದೀನಿ” ಎಂದು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಆಕೆ ಕೂರುವರು. ಪದ ಬಾರದೆ ಪತಿಯು ಬಿಕ್ಕಿಬಿಕ್ಕಿ ಅತ್ತರೆ, ಅದು ಕೆಲವೊಮ್ಮೆ ದುಃಖದ ಅಳುವಾಗಿರದೆ ಹಿಡಿತ ತಪ್ಪಿದ ನರಗಳ ಅಳುವೂ ಆಗಿರಬಹುದೆಂದು ತಿಳಿದು, ಕೈಯನ್ನು ಹಿಡಿದುಕೊಳ್ಳುವರು. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಆವರಿಸುತ್ತದೆ. ಅದಕ್ಕೆ ಔಷಧವೂ ಆಪ್ತಸಮಾಲೋಚನೆಯೂ ಉಂಟು. ವೈರಾಗ್ಯವೆಂದು ಅದಕ್ಕೆ ಗೌರವದ ಹೆಸರಿಟ್ಟು ಸುಮ್ಮನಿರುವುದು ಅಪಚಾರ.

ಆ ತಾಯಿಯ ಶೋಕಕ್ಕೋ ಶಾಸ್ತ್ರದಲ್ಲಿ ವಿಧಿಯೇ ಇಲ್ಲ. ಸತ್ತವರಿಗೆ ಹದಿಮೂರು ದಿನಗಳ ಕ್ರಮವನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಬಂಧುಗಳು ಬರುತ್ತಾರೆ, ಅಳುತ್ತಾರೆ, ಉಣ್ಣುತ್ತಾರೆ. ಬದುಕಿರುವ ಗಂಡನೆದುರೇ ಹಿಂದಿನ ಗಂಡನಿಗಾಗಿ ಅಳಬೇಕಾದವಳಿಗೆ ಯಾವ ದಿನವನ್ನೂ ಗೊತ್ತುಮಾಡಿಲ್ಲ. ಅತ್ತರೆ ಅಮಂಗಳವೆನ್ನುವವರೂ ಉಂಟು. ಕೇಳುವ ಕಿವಿಯೊಂದನ್ನು ಆಕೆಗೆ ಒದಗಿಸುವುದು ಚಿಕಿತ್ಸೆಯ ಭಾಗವೇ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಧಾರ್ಮಿಕರು ಅದನ್ನು ತಮ್ಮ ಕೆಲಸವೆಂದೂ ಒಪ್ಪಿಕೊಳ್ಳಬೇಕೆಂದು ನಾನು ಕೇಳುತ್ತೇನೆ. ನಮ್ಮ ಬಡಾವಣೆಗಳಲ್ಲಿ ರಾಮಮಂದಿರಗಳಿಗೂ ಭಜನಾಮಂಡಲಿಗಳಿಗೂ ಕೊರತೆಯಿಲ್ಲ. ವಾರಕ್ಕೊಂದು ಸಂಜೆ ಮಂಡಲಿಯ ನಾಲ್ವರು ಇಂಥ ಮನೆಗೆ ಬಂದು, ಮೇಷ್ಟ್ರಿಗೆ ಬಾಯಿಪಾಠವಾದ ದೇವರನಾಮಗಳನ್ನು ಅವರೊಡನೆಯೇ ನಿಧಾನವಾಗಿ ಹಾಡುತ್ತ ಕುಳಿತರೆ, ಆ ಎರಡು ಗಂಟೆಗಳಲ್ಲಿ ಆಕೆ ತಂಗಿಯ ಮನೆಗೆ ಹೋಗಿ ಮನಸ್ಸು ಬಿಚ್ಚಿ ಅತ್ತು ಬರಬಹುದು.