ಎಚ್ಚತ್ತವನ ಹೊಣೆ

ಒಂದು ಮನೆಯಲ್ಲಿ ಹತ್ತು ಮಂದಿ ಮಲಗಿದ್ದಾರೆ. ಒಬ್ಬನು ಮಾತ್ರ ಎಚ್ಚತ್ತಿದ್ದಾನೆ. ಎಲ್ಲಿಂದಲೋ ಹೊಗೆಯ ವಾಸನೆ ಅವನಿಗೆ ತಟ್ಟುತ್ತದೆ. ಅದು ನೆರೆಮನೆಯ ಒಲೆಯ ಹೊಗೆಯೋ, ತನ್ನ ಮಾಡಿಗೇ ತಗುಲಿದ ಬೆಂಕಿಯೋ ನಿಶ್ಚಯವಿಲ್ಲ. ಕೂಗಿ ಎಬ್ಬಿಸಿದ ಮೇಲೆ ಬೆಂಕಿಯಿಲ್ಲವೆಂದಾದರೆ ನಗೆಗೀಡಾಗುವನು. ಸುಮ್ಮನಿದ್ದು ಬೆಂಕಿಯೇ ನಿಜವಾದರೆ ಹತ್ತು ಸಾವುಗಳಿಗೆ ಪಾಲುಗಾರನಾಗುವನು. ಮಲಗಿದವರಿಗೆ ಈ ಸಂಕಟವಿಲ್ಲ; ಅರಿವು ಬಂದವನಿಗೆ ಮಾತ್ರ ಉಂಟು. ಅರಿವಿನ ಬೆನ್ನಿಗೇ ಬರುವ ಈ ಹೊಣೆಯು ಎಲ್ಲಿಂದ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ನೀತಿವಿಚಾರದಲ್ಲಿ ಹಳೆಯ ಪ್ರಶ್ನೆ. ನೂರಾರು ಹರದಾರಿ ಆಚೆಗಿನ ಅಪಾಯವನ್ನು ಮುಂಗಾಣುವ ಸಾಧನಗಳು ಮನುಷ್ಯನ ಕೈಗೆ ಬಂದ ಮೇಲೆ ಆ ಪ್ರಶ್ನೆಯ ಭಾರ ಇನ್ನೂ ಹೆಚ್ಚಿದೆ. ಕಡಲಿನಿಂದ ಕರೆಗೆ ಬರುವ ಚಂಡಮಾರುತವನ್ನು ರಾತ್ರಿಯೆಲ್ಲ ಕಾದು ನೋಡುವವರ ಉದಾಹರಣೆಯಿಂದ ಅದನ್ನು ವಿಚಾರಮಾಡಬಹುದು.

ಕ್ರಿ. ಶ. ೨೦೦೫ನೆಯ ಇಸವಿ ಆಗಸ್ಟ್ ತಿಂಗಳ ೨೮ನೆಯ ತಾರೀಖು, ಭಾನುವಾರದ ರಾತ್ರಿ. ಅಮೆರಿಕಾ ಸಂಯುಕ್ತ ಸಂಸ್ಥಾನದ ಮಯಾಮಿಯಲ್ಲಿರುವ ರಾಷ್ಟ್ರೀಯ ಚಂಡಮಾರುತ ಕೇಂದ್ರದಲ್ಲಿ ಕೆಲವರು ಎಚ್ಚತ್ತು ಕುಳಿತಿದ್ದರು. ಅವರು ಕಾಯುತ್ತಿದ್ದುದು ಕತ್ರೀನಾ ಎಂಬ ಹೆಸರಿನ ಬಿರುಗಾಳಿಯನ್ನು. ೨೩ನೆಯ ತಾರೀಖು ಬಹಾಮಾ ದ್ವೀಪಗಳ ಬಳಿ ಹುಟ್ಟಿದ ಆ ಗಾಳಿ ಫ್ಲಾರಿಡಾದ ದಕ್ಷಿಣಭಾಗವನ್ನು ದಾಟಿ ಮೆಕ್ಸಿಕೋ ಕೊಲ್ಲಿಗೆ ಇಳಿದಿತ್ತು. ಬೆಚ್ಚನೆಯ ಕಡಲೇ ಇಂಥ ಗಾಳಿಗೆ ಆಹಾರ. ನೀರು ಆವಿಯಾಗಿ ಮೇಲೇರುತ್ತದೆ. ಮೇಲೆ ತಣಿದು ಮೋಡವಾಗುವಾಗ ತನ್ನೊಳಗೆ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಮೇಲೇರಿ, ಕೆಳಗೆ ವಾಯುಭಾರ ಕುಗ್ಗಿ, ಸುತ್ತಣ ಗಾಳಿ ಸುಳಿಯಾಗಿ ಒಳನುಗ್ಗುತ್ತದೆ. ಆ ಭಾನುವಾರ ಹಗಲಿನಲ್ಲಿ ಗಾಳಿಯ ವೇಗ ಘಂಟೆಗೆ ಸುಮಾರು ೨೮೦ ಕಿಲೋಮೀಟರಿಗೆ ಏರಿತ್ತು. ನಡುವಣ ವಾಯುಭಾರ ೯೦೨ ಮಿಲಿಬಾರಿಗೆ ಇಳಿದಿತ್ತು. ಅದರ ದಾರಿಯಲ್ಲಿದ್ದುದು ನ್ಯೂ ಆರ್ಲಿಯನ್ಸ್ ನಗರ. ಆ ನಗರದ ಬಹುಭಾಗ ಕಡಲಿನ ಮಟ್ಟಕ್ಕಿಂತ ತಗ್ಗಿನಲ್ಲಿ, ಏರಿಗಳ ಮರೆಯಲ್ಲಿ ಬದುಕುವಂಥದು.

ಕಾಯುವವರಿಗೆ ಸಾಧನಗಳ ಕೊರತೆಯಿರಲಿಲ್ಲ. ಕೃತಕ ಉಪಗ್ರಹಗಳು ಮೇಲಿನಿಂದ ಚಿತ್ರ ಕಳುಹಿಸುತ್ತಿದ್ದುವು. ವಿಮಾನಗಳು ಗಾಳಿಯ ನಡುವಿಗೇ ಹಾರಿಹೋಗಿ ಅಳತೆಯ ಉಪಕರಣಗಳನ್ನು ಕೆಳಕ್ಕೆ ಬಿಡುತ್ತಿದ್ದುವು. ಕೆಲವು ಘಂಟೆಗಳಿಗೊಮ್ಮೆ ಪ್ರಕಟಣೆ ಹೊರಡುತ್ತಿತ್ತು: ಗಾಳಿಯ ಕಣ್ಣು ಈಗ ಇಲ್ಲಿದೆ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಚಲಿಸುತ್ತಿದೆ ಎಂದು. ಆದರೂ ಮುಂದಿನ ದಾರಿಯನ್ನು ಅವರು ಒಂದು ಗೆರೆಯಾಗಿ ಬರೆಯಲಾರರು. ನಕ್ಷೆಯ ಮೇಲೆ ಅದನ್ನು ಬಾಯಗಲಿಸಿದ ಮೊರದಂತೆ ಬರೆಯುತ್ತಾರೆ: ಹತ್ತಿರದ ಹೊತ್ತಿಗೆ ಕಿರಿದು, ದೂರದ ಹೊತ್ತಿಗೆ ಅಗಲ. ಆ ಮೊರದ ಒಳಗೇ ಗಾಳಿಯ ನಡುಭಾಗ ಸಾಗುವುದು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಮಾತ್ರ. ಉಳಿದ ಒಂದು ಪಾಲಿನಲ್ಲಿ ಅದು ಹೊರಗೆ ಹೊರಳುವುದುಂಟು. ಅವರ ಅರಿವು ಅಜ್ಞಾನವೂ ಅಲ್ಲ, ಸರ್ವಜ್ಞತ್ವವೂ ಅಲ್ಲ. ಅದು ಹೊಗೆಯ ವಾಸನೆ ಕಂಡವನ ಅರಿವು.

ಮೊದಲನೆಯ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ನಿಶ್ಚಯವಾಗಿ ತಿಳಿಯದುದನ್ನು ಹೇಳಿ ಲಕ್ಷಾಂತರ ಜನರನ್ನು ಮನೆಯಿಂದ ಎಬ್ಬಿಸುವುದು ನ್ಯಾಯವೆ? ಈ ಆಕ್ಷೇಪ ಹುರುಳಿಲ್ಲದುದಲ್ಲ. ೧೯೯೮ರಲ್ಲಿ ಜಾರ್ಜಸ್ ಎಂಬ ಗಾಳಿ ಬರುತ್ತಿದೆಯೆಂದು ನ್ಯೂ ಆರ್ಲಿಯನ್ಸಿನ ಬಹಳ ಜನ ಊರು ಬಿಟ್ಟರು. ಗಾಳಿ ಪೂರ್ವಕ್ಕೆ ಸರಿದು ಮಿಸಿಸಿಪಿ ತೀರವನ್ನು ಹೊಡೆಯಿತು. ೨೦೦೪ರಲ್ಲಿ ಐವನ್ ಎಂಬುದು ಬಂದಾಗಲೂ ಜನ ಹೊರಟು, ದಾರಿಯ ಇಕ್ಕಟ್ಟಿನಲ್ಲಿ ಘಂಟೆಗಟ್ಟಲೆ ನಿಂತರು. ಅದು ಅಲಬಾಮಾ ತೀರಕ್ಕೆ ಹೋಯಿತು. ಎರಡು ಸಲ ಸುಮ್ಮನೆ ಎದ್ದವನು ಮೂರನೆಯ ಸಲ ಮಗ್ಗುಲು ಬದಲಿಸಿ ಮಲಗುವುದು ಮನುಷ್ಯಸ್ವಭಾವ. ಎಚ್ಚರಿಕೆಗೂ ನಾಣ್ಯದಂತೆ ಬೆಲೆಯುಂಟು. ಅದನ್ನು ಬೇಕಾದಂತೆ ಚೆಲ್ಲಿದರೆ ಬೆಲೆ ಇಳಿದೀತು.

ಆದರೆ ಈ ಭಯವೇ ಬುದ್ಧಿಯನ್ನು ಆಳತೊಡಗಿದರೆ ಏನಾಗುವುದೆಂಬುದಕ್ಕೆ ಅದೇ ಕೊಲ್ಲಿಯ ತೀರದಲ್ಲಿ ಹಳೆಯ ಸಾಕ್ಷಿಯೊಂದಿದೆ. ೧೯೦೦ನೆಯ ಇಸವಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ಬಿರುಗಾಳಿ ಕ್ಯೂಬಾದ ಮೇಲೆ ಹಾದುಹೋಯಿತು. ಗಾಳಿಯ ಗತಿಯನ್ನು ಬಹುಕಾಲದಿಂದ ಅಭ್ಯಾಸಮಾಡಿದ್ದ ಹವಾನಾ ನಗರದ ವೀಕ್ಷಕರು ಅದು ಕೊಲ್ಲಿಯೊಳಕ್ಕೆ ಹೋಗುವುದೆಂದು ತಿಳಿದರು. ವಾಷಿಂಗ್ಟನ್ನಿನ ಹವಾಮಾನ ಕಚೇರಿ ಅದು ಬಾಗಿ ಅಟ್ಲಾಂಟಿಕ್ ತೀರದ ಕಡೆಗೆ ತಿರುಗುವುದೆಂದು ನಂಬಿತ್ತು. ಕ್ಯೂಬಾದವರು ವಿನಾಕಾರಣ ಜನರನ್ನು ಹೆದರಿಸುತ್ತಾರೆಂದು ಆ ಕಚೇರಿಯ ಅಧಿಕಾರಿಗಳ ಅಭಿಪ್ರಾಯ. ಅವರ ಹವಾಮಾನ ಸಮಾಚಾರ ತಂತಿಯ ಮೂಲಕ ಹೋಗದಂತೆ ಆ ದಿನಗಳಲ್ಲಿ ತಡೆಯನ್ನೂ ಹಾಕಲಾಗಿತ್ತು. ಚಂಡಮಾರುತದ ಎಚ್ಚರಿಕೆ ಕೊಡುವ ಅಧಿಕಾರವೂ ತೀರದ ಊರುಗಳಲ್ಲಿದ್ದ ನೌಕರರಿಗಿರದೆ ಕೇಂದ್ರ ಕಚೇರಿಯ ಕೈಯಲ್ಲಿಯೇ ಇತ್ತು.

ಸೆಪ್ಟೆಂಬರ್ ೮ನೆಯ ತಾರೀಖಿನ ರಾತ್ರಿ ಆ ಗಾಳಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ದ್ವೀಪನಗರದ ಮೇಲೆ ಬಂದಿತು. ಊರಿನ ಅತ್ಯಂತ ಎತ್ತರದ ನೆಲವೂ ಕಡಲಿಗಿಂತ ಒಂಬತ್ತು ಅಡಿಯಷ್ಟು ಮೇಲಿರಲಿಲ್ಲ. ಉಕ್ಕಿಬಂದ ನೀರು ಹದಿನೈದು ಅಡಿಗೂ ಮೀರಿತ್ತು. ಸತ್ತವರು ಆರರಿಂದ ಹನ್ನೆರಡು ಸಾವಿರವೆಂದು ಅಂದಾಜು. ಅಲ್ಲಿನ ಹವಾಮಾನ ಅಧಿಕಾರಿಯಾಗಿದ್ದ ಐಸಾಕ್ ಕ್ಲೈನನು ೧೮೯೧ರಲ್ಲಿ ಊರಿನ ಪತ್ರಿಕೆಗೆ ಬರೆದು, ಬಿರುಗಾಳಿಯಿಂದ ಗ್ಯಾಲ್ವೆಸ್ಟನ್ನಿಗೆ ದೊಡ್ಡ ಹಾನಿಯಾದೀತೆಂಬುದು ಬರಿಯ ಭ್ರಮೆಯೆಂದು ಸಾಧಿಸಿದ್ದನು. ಆ ರಾತ್ರಿ ಅವನ ಮನೆಯೂ ಬಿದ್ದಿತು, ಹೆಂಡತಿ ನೀರುಪಾಲಾದಳು. ಅವನು ದುಷ್ಟನಲ್ಲ, ಶ್ರದ್ಧೆಯಿಂದ ಕೆಲಸಮಾಡಿದವನೇ. ತನ್ನ ಅರಿವಿನ ಎಲ್ಲೆಯನ್ನು ಅರಿಯದೆ ಅಭಯವನ್ನು ಕೊಟ್ಟುದೇ ಅವನ ತಪ್ಪು. ಭಯವನ್ನು ಹೇಳುವುದಕ್ಕೆ ಪ್ರಮಾಣ ಬೇಕೆನ್ನುವವರು ಅಭಯವನ್ನು ಹೇಳುವುದಕ್ಕೂ ಅಷ್ಟೇ ಪ್ರಮಾಣ ಬೇಕೆಂಬುದನ್ನು ಮರೆಯುತ್ತಾರೆ.

ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿಡಲಾಗದು. ಬಾರದ ಗಾಳಿಗೆ ಹೆದರಿ ಊರು ಬಿಟ್ಟವನು ಎರಡು ದಿನದ ಕೂಲಿಯನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುವನು. ಮರಳಿ ಬಂದು ಎಚ್ಚರಿಸಿದವನನ್ನು ಬೈಯುವನು. ಬೈಯುವುದಕ್ಕೆ ಅವನು ಉಳಿದಿರುವನಷ್ಟೆ! ಬಂದ ಗಾಳಿಗೆ ಸಿಕ್ಕಿದವನಿಗೆ ಆ ಅವಕಾಶವೂ ಇಲ್ಲ. ಆದುದರಿಂದ ಎಚ್ಚತ್ತವನು ತನ್ನ ಸಂದೇಹವನ್ನು ಮುಚ್ಚದೆ, ಇಷ್ಟು ತಿಳಿದಿದೆ, ಇಷ್ಟು ತಿಳಿದಿಲ್ಲ ಎಂದು ಎರಡನ್ನೂ ಹೇಳತಕ್ಕವನು. ಹೇಳಿದ ಮೇಲೆ ಗಾಳಿ ಬೇರೆ ದಿಕ್ಕಿಗೆ ಹೋದರೆ ನಗೆಯನ್ನು ಸಹಿಸತಕ್ಕವನು. ಆ ನಗೆ ಅವನ ಕೆಲಸಕ್ಕೆ ತೆರಬೇಕಾದ ಸುಂಕ.

೨೦೦೫ರ ಕಾವಲುಗಾರರು ಈ ಮೊದಲನೆಯ ಹೊಣೆಯನ್ನು ಚೆನ್ನಾಗಿಯೇ ನಿರ್ವಹಿಸಿದರು. ಮಯಾಮಿ ಕೇಂದ್ರದ ಮುಖ್ಯರಾದ ಮ್ಯಾಕ್ಸ್ ಮೇಫೀಲ್ಡರು ಶನಿವಾರ ರಾತ್ರಿ ತೀರದ ಗವರ್ನರರನ್ನೂ ನ್ಯೂ ಆರ್ಲಿಯನ್ಸಿನ ಮೇಯರರನ್ನೂ ಟೆಲಿಫೋನಿನಲ್ಲಿ ತಾವೇ ಕರೆದು ಅಪಾಯವನ್ನು ತಿಳಿಸಿದರು. ಭಾನುವಾರ ಬೆಳಗ್ಗೆ ಸ್ಲೈಡೆಲ್ ಊರಿನ ಹವಾಮಾನ ಕಚೇರಿಯಿಂದ ಹೊರಟ ಪ್ರಕಟಣೆಯು, ಆ ಸೀಮೆಯ ಹೆಚ್ಚುಭಾಗ ವಾರಗಟ್ಟಲೆ ವಾಸಕ್ಕೆ ಯೋಗ್ಯವಾಗದೆಂದೂ ನೀರಿಲ್ಲದೆ ಜನ ಬಹಳ ನರಳುವರೆಂದೂ ಎಚ್ಚರಿಸಿತು. ಅಂದೇ ಬೆಳಗ್ಗೆ ಎಲ್ಲರೂ ನಗರ ಬಿಡತಕ್ಕದ್ದೆಂಬ ಆಜ್ಞೆಯೂ ಹೊರಟಿತು. ಆ ಪ್ರಾಂತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರಟುಹೋದರು. ಹೇಳಬೇಕಾದುದನ್ನು ಹೇಳಿಯಾಯಿತು, ಕೇಳಬೇಕಾದವರು ಕೇಳಿಯೂ ಆಯಿತು.

ಹಾಗಾದರೆ ಹೊಣೆ ಮುಗಿಯಿತೆ? ಇದು ಎರಡನೆಯ ಪ್ರಶ್ನೆ, ಮೊದಲನೆಯದಕ್ಕಿಂತ ಕಠಿಣವಾದುದು. 'ಹೇಳುವುದನ್ನು ಹೇಳಿದ್ದೇವೆ, ಇನ್ನು ಅವರವರ ಹಣೆಬರಹ' ಎಂಬ ಮಾತು ಲೋಕದಲ್ಲಿ ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ಹೋಗಲೊಲ್ಲದೆ ಉಳಿದವರ ವಿಷಯದಲ್ಲಿ ಅದು ಅರ್ಧ ಸತ್ಯವಾದೀತು. ಆದರೆ ಹೋಗಲಾರದೆ ಉಳಿದವರೂ ಇದ್ದರು. ಆ ನಗರದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳಿಗೆ ಸ್ವಂತ ವಾಹನವಿರಲಿಲ್ಲ. ಅದು ತಿಂಗಳ ಕೊನೆ. ಬಡವರ ಕೈ ಬರಿದಾಗುವ ಕಾಲ. ವೃದ್ಧರಿದ್ದರು, ರೋಗಿಗಳಿದ್ದರು, ಅವರನ್ನು ಬಿಟ್ಟುಹೋಗಲಾರದ ಮಕ್ಕಳಿದ್ದರು. ಹೀಗೆ ಉಳಿದ ಸಾವಿರಾರು ಜನ ಸೂಪರ್‌ಡೋಮ್ ಎಂಬ ಆಟದ ಭವನದಲ್ಲಿ ರಾತ್ರಿ ಕಳೆದರು. ಇನ್ನೆಷ್ಟೋ ಜನ ತಮ್ಮ ಮನೆಗಳಲ್ಲಿಯೇ ಉಳಿದರು. ಹಿಂದಿನ ವರ್ಷದ ಜುಲೈಯಲ್ಲಿಯೇ ಪ್ಯಾಮ್ ಎಂಬ ಕಲ್ಪಿತ ಬಿರುಗಾಳಿಯನ್ನು ಮುಂದಿಟ್ಟುಕೊಂಡು ಅಧಿಕಾರಿಗಳು ಐದು ದಿನ ಸಮಾಲೋಚನೆ ನಡೆಸಿದ್ದರು. ವಾಹನವಿಲ್ಲದವರ ಸಂಗತಿ ಆಗಲೇ ತಿಳಿದಿದ್ದಿತು. ಗಾಳಿಯ ದಾರಿಯಲ್ಲಿ ಸಂದೇಹವಿದ್ದಿರಬಹುದು. ಬಡವನಿಗೆ ಬಂಡಿಯಿಲ್ಲವೆಂಬುದರಲ್ಲಿ ಸಂದೇಹವೇನೂ ಇರಲಿಲ್ಲ.

ರಾತ್ರಿ ಕಳೆಯುತ್ತ ಗಾಳಿಯ ಬಲ ಕೊಂಚ ತಗ್ಗಿತು. ಸೋಮವಾರ ಬೆಳಗಿನ ಆರು ಘಂಟೆ ದಾಟುತ್ತಲೇ ಅದು ಬ್ಯೂರಾಸ್ ಎಂಬ ಊರಿನ ಬಳಿ ಕರೆ ಸೇರಿದಾಗ ವೇಗ ಸುಮಾರು ೨೦೦ ಕಿಲೋಮೀಟರಿಗೆ ಇಳಿದಿತ್ತು. ಆದರೆ ಕಡಲು ಆಗಲೇ ಉಬ್ಬಿತ್ತು. ನಗರವನ್ನು ಕಾಯಬೇಕಾಗಿದ್ದ ಏರಿಗಳೂ ಗೋಡೆಗಳೂ ಒಡೆದುವು. ಕೆಲವು ಗೋಡೆಗಳು ನೀರು ತಲೆಯ ಮೇಲೆ ಹರಿಯುವುದಕ್ಕೆ ಮುಂಚೆಯೇ ಉರುಳಿದುವು. ನಗರದ ಐದರಲ್ಲಿ ನಾಲ್ಕು ಪಾಲು ಮುಳುಗಿತು. ಒಟ್ಟು ಸತ್ತವರು ಸಾವಿರಕ್ಕೂ ಮಿಗಿಲು. ಲೂಯಿಸಿಯಾನಾದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ ೭೫ ವರ್ಷ ದಾಟಿದವರು. ಎಚ್ಚರಿಕೆ ಅವರ ಕಿವಿಯನ್ನು ಮುಟ್ಟಿತ್ತು. ಅವರ ಕಾಲಿಗೆ ಬಲವನ್ನು ಕೊಟ್ಟಿರಲಿಲ್ಲ.

ಈ ಭೇದವನ್ನು ಮಹಾಭಾರತದ ವಿದುರನು ಅರಿತಿದ್ದನು. ಜೂಜಿನ ಸಭೆಯಲ್ಲಿ ಅವನು ಧೃತರಾಷ್ಟ್ರನನ್ನು ಎಚ್ಚರಿಸಿದನು. ಅಲ್ಲಿ ಮಾತಿಗಿಂತ ಹೆಚ್ಚಿನದು ಅವನ ಕೈಯಲ್ಲಿರಲಿಲ್ಲ. ಆ ಮಾತು ವ್ಯರ್ಥವಾಯಿತು. ಅರಗಿನ ಮನೆಯ ಪ್ರಸಂಗದಲ್ಲಿ ಹಾಗಲ್ಲ. ಪಾಂಡವರು ವಾರಣಾವತಕ್ಕೆ ಹೊರಟಾಗ ಅವನು ಧರ್ಮರಾಯನಿಗೆ ಗೂಢವಾಗಿ ಅಪಾಯವನ್ನು ಸೂಚಿಸಿದನು. ಅಷ್ಟಕ್ಕೆ ನಿಲ್ಲದೆ ಸುರಂಗ ತೋಡುವವನೊಬ್ಬನನ್ನು ಕಳುಹಿಸಿದನು. ಗಂಗೆಯನ್ನು ದಾಟಲು ದೋಣಿಯನ್ನೂ ಕಳುಹಿಸಿದನು. ಬೆಂಕಿ ಬರುವುದೆಂಬ ಮಾತಿಗೆ ಸುರಂಗ ಸೇರಿದಾಗ, ಸುರಂಗಕ್ಕೆ ದೋಣಿ ಸೇರಿದಾಗ, ಎಚ್ಚರಿಕೆ ಪೂರ್ಣವಾಯಿತು. ಆದರೆ ಅದೇ ಕಥೆಯಲ್ಲಿ ಓದುಗರು ಬೇಗ ದಾಟಿಹೋಗುವ ಒಂದು ಭಾಗವಿದೆ. ಆ ರಾತ್ರಿ ಆ ಮನೆಯಲ್ಲಿ ಒಬ್ಬ ಬೇಡತಿಯೂ ಅವಳ ಐವರು ಮಕ್ಕಳೂ ಉಂಡು ಕುಡಿದು ಮಲಗಿದ್ದರು. ಅವರಿಗೆ ಯಾರೂ ಹೇಳಲಿಲ್ಲ. ಬೆಳಗ್ಗೆ ಬೂದಿಯಲ್ಲಿ ಸಿಕ್ಕಿದ ದೇಹಗಳು ಅವರವು. ಅರಿವೂ ದೋಣಿಯೂ ಅರಸುಮಕ್ಕಳಿಗೆ ದೊರೆತುವು. ಸಾವು ಮಾತ್ರ ಬಡವರಿಗೆ ದೊರೆಯಿತು.

ಇದಕ್ಕೆ ಪ್ರತಿಯಾಗಿ, ಗಾಳಿಯನ್ನು ಅಳೆಯುವವನೇ ದೋಣಿಯನ್ನೂ ಕಟ್ಟಬೇಕೆ ಎಂದು ಕೇಳಬಹುದು. ಒಬ್ಬನೇ ಎಲ್ಲವನ್ನೂ ಮಾಡಲಾರನೆಂಬುದು ದಿಟ. ಆದರೆ ಸಮಾಜವು ಒಂದು ದೇಹವಾದರೆ, ಕಣ್ಣು ಕಂಡುದಕ್ಕೆ ಕಾಲು ನಡೆಯಬೇಕು. ಕಣ್ಣಿಗೆ ದುಡ್ಡು ಸುರಿದು ಕಾಲನ್ನು ಸೊರಗಿಸಿದ ದೇಹಕ್ಕೆ ಬಾವಿ ಕಂಡೂ ಬೀಳುವುದೇ ಗತಿ.

ಕಾಲನ್ನೂ ಬಲಪಡಿಸಬಹುದೆಂಬುದಕ್ಕೆ ಬಂಗಾಳ ಕೊಲ್ಲಿಯ ತೀರದಲ್ಲಿ ನಿದರ್ಶನವಿದೆ. ೧೯೯೯ನೆಯ ಇಸವಿ ಅಕ್ಟೋಬರ್ ೨೯ರಂದು ಒಡಿಸ್ಸಾವನ್ನು ಹೊಡೆದ ಮಹಾಚಂಡಮಾರುತದಲ್ಲಿ ಸುಮಾರು ೧೦,೦೦೦ ಜನ ಸತ್ತರು. ಅಂದು ಮುನ್ಸೂಚನೆ ಇಲ್ಲದಿರಲಿಲ್ಲ. ಓಡಿಹೋಗಿ ಸೇರಿಕೊಳ್ಳಲು ಗಟ್ಟಿಯಾದ ಮನೆಗಳು ಸಾಲದಾಗಿದ್ದುವು. ಆ ನೋವಿನಿಂದ ಪಾಠ ಕಲಿತ ರಾಜ್ಯವು ತೀರದುದ್ದಕ್ಕೂ ಆಶ್ರಯಮಂದಿರಗಳನ್ನು ಕಟ್ಟಿಸಿತು, ಹಳ್ಳಿಯವರನ್ನೇ ಪಳಗಿಸಿತು. ೨೦೧೩ನೆಯ ಇಸವಿ ಅಕ್ಟೋಬರ್ ೧೨ರ ರಾತ್ರಿ ಫೈಲಿನ್ ಎಂಬ ಗಾಳಿ ಗೋಪಾಲಪುರದ ಬಳಿ ಕರೆ ಸೇರುವ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನರನ್ನು ಎತ್ತರದ ಎಡೆಗಳಿಗೆ ಸಾಗಿಸಲಾಗಿತ್ತು. ಸತ್ತವರು ಐವತ್ತಕ್ಕಿಂತ ಕಡಮೆ. ೧೯೯೯ರ ಗಾಳಿ ಇದಕ್ಕಿಂತ ಬಲವಾದುದೆಂಬುದು ನಿಜ. ಆದರೂ ಹತ್ತು ಸಾವಿರಕ್ಕೂ ಐವತ್ತಕ್ಕೂ ಇರುವ ಅಂತರ ಗಾಳಿಯದು ಮಾತ್ರವಲ್ಲ; ಹದಿನಾಲ್ಕು ವರ್ಷ ಎಚ್ಚತ್ತಿದ್ದುದರ ಫಲ.

ಗಾಳಿಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದು ಎಲ್ಲಿ ಬರುವುದೆಂಬುದನ್ನು ಕೂಡ ಅವನು ಅರೆಬರೆಯಾಗಿ ಮಾತ್ರ ತಿಳಿಯಬಲ್ಲನು. ಆ ಅರೆಬರೆಯ ಅರಿವನ್ನೂ ಬಚ್ಚಿಡದೆ ಹೇಳುವುದು ಮೊದಲನೆಯ ಧರ್ಮ. ಹೇಳಿದ ಮಾತನ್ನು ಅನುಸರಿಸಲು ಅತ್ಯಂತ ದುರ್ಬಲನಿಗೂ ದಾರಿಯಾಗುವವರೆಗೆ ಹೊಣೆ ತೀರಲಿಲ್ಲವೆಂದು ತಿಳಿಯುವುದು ಎರಡನೆಯ ಧರ್ಮ. ಮೊದಲನೆಯದನ್ನು ಒಂದು ರಾತ್ರಿಯ ಜಾಗರಣೆಯಲ್ಲಿ ನಡೆಸಬಹುದು. ಎರಡನೆಯದನ್ನು ಗಾಳಿಯಿಲ್ಲದ ದಿನಗಳಲ್ಲಿ, ಕಡಲು ಶಾಂತವಾಗಿರುವಾಗ, ಯಾರೂ ಹೆದರದಿರುವಾಗ ನಡೆಸಬೇಕಾಗುತ್ತದೆ. ಬಾಗಿಲು ಹೊರಗಿನಿಂದ ಬೀಗಹಾಕಿದ ಮನೆಯಲ್ಲಿ ಮಲಗಿದವರನ್ನು ಕೂಗಿ ಎಬ್ಬಿಸಿದ ಮಾತ್ರಕ್ಕೆ ಅವರನ್ನು ಉಳಿಸಿದಂತಾಗದು. ಬೀಗದ ಕೈ ಎಲ್ಲಿದೆಯೆಂದು ಹಗಲಿನಲ್ಲಿಯೇ ಹುಡುಕಿಟ್ಟಿರಬೇಕು.