ಮಾತು, ಮೌನ ಮತ್ತು ಇಂಜಿನಿಯರನ ಧರ್ಮ

ನಮ್ಮ ಸಮಾಜದ ತರುಣ ತರುಣಿಯರಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವವರು ಬಹುಮಂದಿ. ಅವರ ಕಾಲೇಜುಗಳಲ್ಲಿ ಗಣಿತ, ಯಂತ್ರಶಾಸ್ತ್ರಗಳೊಡನೆ ಸಂವಹನ ಕೌಶಲವನ್ನೂ ತಂಡವಾಗಿ ದುಡಿಯುವ ಕ್ರಮವನ್ನೂ ಕಲಿಸುತ್ತಾರೆ. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಪದವೀಧರನಲ್ಲಿ ಇರಬೇಕೆಂದು ಹೇಳುವ ಗುಣಗಳಲ್ಲಿ ಈ ಎರಡೂ ಸೇರಿವೆ. ಆದರೆ ವಿದ್ಯಾರ್ಥಿಗಳೂ ತಂದೆತಾಯಿಗಳೂ ಇವನ್ನು ಸಂದರ್ಶನದಲ್ಲಿ ಗೆಲ್ಲುವ ಉಪಾಯವೆಂದೇ ಭಾವಿಸುವುದುಂಟು. ಇದು ಕೇವಲ ನಾಲಗೆಯ ಚಾತುರ್ಯವೋ, ಆತ್ಮಸಂಯಮಕ್ಕೆ ಸಂಬಂಧಿಸಿದ ವಿಷಯವೋ ಎಂಬುದನ್ನು ವಿಚಾರಿಸಬೇಕು.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆಯು ಹಾರಿದ 73 ಸೆಕೆಂಡುಗಳಲ್ಲಿ ಒಡೆದುಹೋಗಿ ಏಳು ಮಂದಿ ಪ್ರಾಣ ಕಳೆದುಕೊಂಡರು. ರಾಕೆಟ್ಟಿನ ಭಾಗಗಳು ಕೂಡುವೆಡೆಯ ರಬ್ಬರ್ ಉಂಗುರಗಳು ಚಳಿಗೆ ಬಿರುಸಾಗಿ, ಬಿಸಿ ಅನಿಲ ಹೊರನುಗ್ಗಿದ್ದೇ ಇದಕ್ಕೆ ಕಾರಣ. ಈ ಅಪಾಯವನ್ನು ತಿಳಿದವರು ಇದ್ದರು. ರಾಕೆಟ್ ತಯಾರಿಸಿದ ಥಿಯೋಕಾಲ್ ಕಂಪನಿಯ ಇಂಜಿನಿಯರ್ ರೋಜರ್ ಬೋಯ್ಸ್‌ಜೊಲಿ 1985ರ ಜುಲೈನಲ್ಲಿಯೇ ಲಿಖಿತವಾಗಿ ಎಚ್ಚರಿಸಿದ್ದರು. ಉಡಾವಣೆಯ ಹಿಂದಿನ ರಾತ್ರಿ ನಡೆದ ದೂರವಾಣಿ ಸಭೆಯಲ್ಲಿ, ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹಾರಿಸಬಾರದೆಂದು ಇಂಜಿನಿಯರುಗಳು ಸಲಹೆ ಮಾಡಿದರು. ಸಂಸ್ಥೆಯ ಮೇಲಧಿಕಾರಿಗಳು ಪ್ರತ್ಯೇಕವಾಗಿ ಚರ್ಚಿಸಿ, ಕೊನೆಯ ನಿರ್ಣಯದಲ್ಲಿ ಇಂಜಿನಿಯರುಗಳ ಮತವನ್ನು ಕೇಳದೆ, ಆ ಸಲಹೆಯನ್ನು ಬದಲಿಸಿದರು. ಸಭೆ ಮುಗಿಯುವ ಮುನ್ನ, ಯಾರಿಗಾದರೂ ಭಿನ್ನಾಭಿಪ್ರಾಯ ಉಂಟೇ ಎಂದು ನಾಸಾದ ಅಧಿಕಾರಿಯು ಕೇಳಿದಾಗ ಯಾರೂ ಮಾತನಾಡಲಿಲ್ಲ.

ಈ ಮೌನವನ್ನು ನಾವು ಏನೆಂದು ಕರೆಯಬೇಕು? ಜೈನಾಚಾರದಲ್ಲಿ ಮೌನಕ್ಕೆ ಉನ್ನತ ಸ್ಥಾನವಿದೆ. ವಚನಗುಪ್ತಿಯು ತ್ರಿಗುಪ್ತಿಗಳಲ್ಲಿ ಒಂದು. ಆದರೆ ಗುಪ್ತಿಯು ಕಷಾಯಗಳಿಂದ ಹುಟ್ಟುವ ಮಾತನ್ನು ತಡೆಯುವ ಸಾಧನೆಯೇ ಹೊರತು, ಭಯಕ್ಕೆ ತೊಡಿಸಿದ ಮುಸುಕಲ್ಲ. ಮಾತನಾಡಬೇಕಾದಾಗ ಎಚ್ಚರದಿಂದ, ಹಿತ ಮಿತ ಪ್ರಿಯವಾಗಿ ಮಾತನಾಡಬೇಕೆಂಬುದೇ ಭಾಷಾಸಮಿತಿ. ಇಲ್ಲಿ ಪ್ರಿಯವೆಂದರೆ ಯಜಮಾನನಿಗೆ ರುಚಿಸುವುದೆಂದಲ್ಲ. ಮಾತಿನಿಂದ ಕಾಠಿಣ್ಯವನ್ನು ತೆಗೆಯಬೇಕು, ಸತ್ಯವನ್ನು ತೆಗೆಯಬಾರದು. ಜೀವಹಾನಿಯಾಗುವುದೆಂದು ಬಲ್ಲವನು ಸುಮ್ಮನಿರುವುದು ಅಹಿಂಸೆಯಾಗಲಾರದು.

ಆದರೂ ಆ ರಾತ್ರಿ ಮೌನವಾದವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಅವರು ಮೊದಲು ಮಾತನಾಡಿದ್ದರು, ವಾದಿಸಿದ್ದರು. ಹೇಳಿದ ಕ್ರಮದಲ್ಲಿ ಒಂದು ಕೊರತೆಯಿತ್ತು. ಅದುವರೆಗಿನ ಎಲ್ಲ ಹಾರಾಟಗಳ ಉಷ್ಣತೆಯನ್ನೂ ಉಂಗುರಗಳ ಹಾನಿಯನ್ನೂ ಒಂದೇ ಹಾಳೆಯಲ್ಲಿ ಹೋಲಿಸಿ ತೋರಿಸಿರಲಿಲ್ಲ. ಸುಮಾರು 18 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ನಡೆದ ನಾಲ್ಕು ಹಾರಾಟಗಳಲ್ಲಿ ನಾಲ್ಕರಲ್ಲಿಯೂ ಹಾನಿ. ಅದಕ್ಕಿಂತ ಹೆಚ್ಚಿದ್ದ ಇಪ್ಪತ್ತರಲ್ಲಿ ಮೂರರಲ್ಲಿ ಮಾತ್ರ ಹಾನಿ ಎಂಬುದನ್ನು ತನಿಖಾ ಆಯೋಗವು ಆಮೇಲೆ ತೋರಿಸಿತು. ಹಾನಿಯಾಗದ ಹಾರಾಟಗಳನ್ನು ಬಿಟ್ಟು ನೋಡಿದರೆ ಈ ಸಂಬಂಧ ಕಾಣುವುದಿಲ್ಲ. ಒಂದೇ ಪಕ್ಕವನ್ನು ನೋಡಿದರೆ ಸತ್ಯ ದೊರೆಯದೆಂಬ ಅನೇಕಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಲೌಕಿಕ ದೃಷ್ಟಾಂತ ಬೇಕೆ? ಯಾವ ಅಪೇಕ್ಷೆಯಿಂದ ಈ ಮಾತು ಸತ್ಯವೆಂದು ಸೇರಿಸಿ ಹೇಳುವುದು ಸ್ಯಾದ್ವಾದದ ಶಿಸ್ತು. ಇಂಜಿನಿಯರನ ವರದಿಯೂ ಹಾಗೆಯೇ ಇರಬೇಕು: ಇಷ್ಟು ಉಷ್ಣತೆಯವರೆಗೆ ಪರೀಕ್ಷಿಸಿದೆ, ಅದರಾಚೆಗೆ ಪರೀಕ್ಷಿಸಿಲ್ಲ ಎಂದು. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆಯುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ಕೂಟಲೇಖಕ್ರಿಯೆಗೆ ಸಮೀಪವಾದುದು.

ತಂಡದ ವಿಷಯದಲ್ಲಿಯೂ ಇದೇ ನ್ಯಾಯ. ವೆಚ್ಚವನ್ನು ನೋಡುವವನದು ಒಂದು ನಯ, ಬಲವನ್ನು ಲೆಕ್ಕಹಾಕುವವನದು ಮತ್ತೊಂದು. ತನ್ನ ನಯವೇ ಪೂರ್ಣಸತ್ಯವೆಂದು ಉಳಿದುದನ್ನು ತಳ್ಳಿಹಾಕಿದಾಗ ಅದು ದುರ್ನಯವಾಗುತ್ತದೆ. ಆದುದರಿಂದ ತಂಡಕ್ಕೆ ಮೊದಲು ಬೇಕಾದ ಕೌಶಲವು ಕೇಳುವುದು. ಅದೂ ಹಿರಿಯ ಸ್ಥಾನದಲ್ಲಿರುವವನಿಗೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಒಮ್ಮೆ ನನ್ನ ಅಂಗಡಿಯ ಗುಮಾಸ್ತರು ದಾಸ್ತಾನಿನ ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು ಕಂಡೂ ಸುಮ್ಮನಿದ್ದರು. ವರ್ಷಾಂತ್ಯದಲ್ಲಿ ನಷ್ಟ ಹೊರಬಿದ್ದಾಗ, ಏಕೆ ತಿಳಿಸಲಿಲ್ಲವೆಂದು ಗದರಿದೆ. "ಹಿಂದೆ ತಿಳಿಸಿದಾಗಲೂ ತಾವು ಹೀಗೆಯೇ ಗದರಿದಿರಿ" ಎಂದರು. ಅವರ ಮೌನಕ್ಕೆ ನನ್ನ ಮಾನಕಷಾಯವೇ ಕಾರಣವಾಗಿತ್ತು. ಅಂದಿನ ಪ್ರತಿಕ್ರಮಣದಲ್ಲಿ ನಷ್ಟಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಕಾಡಿತು.

ನಮ್ಮ ಬಸದಿಗಳ ಟ್ರಸ್ಟುಗಳು ವಿದ್ಯಾರ್ಥಿವೇತನವನ್ನೂ ವಿದ್ಯಾರ್ಥಿ ನಿಲಯಗಳನ್ನೂ ನಡೆಸುತ್ತಿವೆ, ಅಭಿನಂದನೀಯ. ಅಲ್ಲಿಯ ಸ್ವಾಧ್ಯಾಯದಲ್ಲಿ ಭಾಷಾಸಮಿತಿಯ ಅರ್ಥವನ್ನು ಹೇಳಿಕೊಟ್ಟು, ಎದುರಾಳಿಯ ಪಕ್ಷವನ್ನು ಅವನು ಒಪ್ಪುವಂತೆ ನಿರೂಪಿಸಿದ ಮೇಲೆಯೇ ತನ್ನ ಪಕ್ಷವನ್ನು ಮಂಡಿಸುವ ಅಭ್ಯಾಸವನ್ನು ಮಾಡಿಸಬಹುದು. ನಮ್ಮ ಪ್ರಾಚೀನ ಶಾಸ್ತ್ರಕಾರರು ಪೂರ್ವಪಕ್ಷವೆಂದು ಕರೆದುದು ಇದನ್ನೇ. ಜೊತೆಗೆ, ಟ್ರಸ್ಟಿನ ಸಭೆಗಳಲ್ಲಿ ಹಿರಿಯರಾದ ನಾವು ಕಿರಿಯರ ಭಿನ್ನಮತವನ್ನು ಸಮಾಧಾನದಿಂದ ಕೇಳಿ ತೋರಿಸಬೇಕು. ಮನೆಯಲ್ಲಿ, ಬಸದಿಯಲ್ಲಿ ಬಾಯಿ ಮುಚ್ಚಿಸಲ್ಪಟ್ಟ ಮಗನು ನಾಳೆ ಸೇತುವೆಯ ಬಿರುಕನ್ನು ಕಂಡಾಗ ಬಾಯಿ ತೆರೆದಾನೆಂದು ನಿರೀಕ್ಷಿಸುವುದು ಹೇಗೆ?