ಬರೆದದ್ದು ಮತ್ತು ಓದಿದ್ದು

ಕ್ರೈಸ್ತ ಧರ್ಮದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ನಾನು ವ್ಯಾಖ್ಯಾನ ಮಾಡುತ್ತಿಲ್ಲ, ಬೈಬಲಿನಲ್ಲಿ ಬರೆದದ್ದನ್ನು ಬರೆದ ಹಾಗೆ ಹೇಳುತ್ತಿದ್ದೇನೆ.’ ವೇದಿಕೆ ಹತ್ತಿದ ಬೋಧಕರು ಇದನ್ನು ಹೇಳುತ್ತಾರೆ. ಅವರನ್ನು ಖಂಡಿಸಲು ಹೊರಟ ವಿಚಾರವಾದಿಗಳೂ ಇದನ್ನೇ ಹೇಳುತ್ತಾರೆ. ಆದಿಕಾಂಡದ ಆರು ದಿನಗಳ ಸೃಷ್ಟಿಯನ್ನು ತೋರಿಸಿ ಒಬ್ಬರು ಭೂವಿಜ್ಞಾನ ಸುಳ್ಳು ಎನ್ನುತ್ತಾರೆ, ಅದೇ ಪುಟವನ್ನು ತೋರಿಸಿ ಇನ್ನೊಬ್ಬರು ಬೈಬಲ್ ಸುಳ್ಳು ಎನ್ನುತ್ತಾರೆ. ತೀರ್ಮಾನ ಎದುರುಬದುರಾದರೂ ಓದುವ ರೀತಿ ಒಂದೇ. ಅರ್ಥ ಅಕ್ಷರದ ಮೇಲೆಯೇ ಕೂತಿದೆ, ಕಣ್ಣಿದ್ದವರಿಗೆ ಕಾಣುತ್ತದೆ ಎಂದು ಇಬ್ಬರೂ ನಂಬಿದ್ದಾರೆ. ಎರಡು ಸಾವಿರ ವರ್ಷಗಳ ಕ್ರೈಸ್ತ ಚಿಂತನೆಗೆ ಈ ನಂಬಿಕೆ ಅನ್ಯಾಯ ಮಾಡುತ್ತದೆ. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಮಾತಿನಲ್ಲಿ ಎರಡು ಬೇರೆ ಬೇರೆ ಹೇಳಿಕೆಗಳು ಕಲಸಿಹೋಗಿವೆ. ಮೊದಲನೆಯದು ಪ್ರಮಾಣದ ಕುರಿತದ್ದು: ದೇವರ ವಿಷಯದಲ್ಲಿ ಕೊನೆಯ ಮಾತು ಗ್ರಂಥದ್ದು, ಪೋಪರದ್ದಾಗಲಿ ಧರ್ಮಸಭೆಯದ್ದಾಗಲಿ ಅಲ್ಲ. 16ನೇ ಶತಮಾನದ ಮತಸುಧಾರಕರು ಎತ್ತಿಹಿಡಿದ ಈ ತತ್ತ್ವಕ್ಕೆ ಲ್ಯಾಟಿನ್‌ನಲ್ಲಿ ‘ಸೋಲಾ ಸ್ಕ್ರಿಪ್ತೂರಾ’ ಎಂದು ಹೆಸರು. ‘ಗ್ರಂಥ ಒಂದರಿಂದಲೇ’ ಎಂದು ಅರ್ಥ. ಎರಡನೆಯದು ಅರ್ಥದ ಕುರಿತದ್ದು: ಆ ಗ್ರಂಥ ಏನು ಹೇಳುತ್ತದೆ ಎಂಬುದು ಓದಿದವರಿಗೆಲ್ಲ ನಿಚ್ಚಳವಾಗಿದೆ. ಮೊದಲನೆಯದನ್ನು ಒಪ್ಪಿದರೆ ಎರಡನೆಯದನ್ನೂ ಒಪ್ಪಿದಂತಾಯಿತು ಎಂದು ಜನ ತಿಳಿಯುತ್ತಾರೆ. ಹಾಗೇನೂ ಇಲ್ಲ. ಛಾಂದೋಗ್ಯದ ಒಂದೇ ವಾಕ್ಯವನ್ನು ಪ್ರಮಾಣವೆಂದು ಒಪ್ಪಿಕೊಂಡೇ ಶಂಕರರು ಅಭೇದವನ್ನೂ ಮಧ್ವರು ಭೇದವನ್ನೂ ಅದರಿಂದ ತೆಗೆದದ್ದನ್ನು ಬಲ್ಲ ಕನ್ನಡ ಓದುಗರಿಗೆ ಇದು ಹೊಸದಲ್ಲ. ಕ್ರೈಸ್ತರ ಕತೆಯಲ್ಲಿ ಇದಕ್ಕೆ ಸರಿಸಮನಾದ ಒಂದು ಘಟನೆ ಇದೆ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

1529ರ ಅಕ್ಟೋಬರ್ ಮೊದಲ ವಾರ, ಜರ್ಮನಿಯ ಮಾರ್ಬುರ್ಗ್ ಕೋಟೆ. ಹೆಸ್ಸೆಯ ದೊರೆ ಫಿಲಿಪ್ ಸುಧಾರಕರ ಎರಡು ಬಣಗಳನ್ನು ಒಂದು ಮೇಜಿಗೆ ಕರೆಸಿದ್ದ. ವಿಟೆನ್‌ಬರ್ಗ್‌ನಿಂದ ಮಾರ್ಟಿನ್ ಲೂಥರ್ ಮತ್ತು ಮೆಲಾಂಕ್ಥನ್, ಜೂರಿಕ್‌ನಿಂದ ಉಲ್ರಿಚ್ ಜ್ವಿಂಗ್ಲಿ, ಬಾಸೆಲ್‌ನಿಂದ ಈಕೊಲಂಪಾಡಿಯಸ್. ಚಕ್ರವರ್ತಿಯ ಸೈನ್ಯದ ಭಯವಿದ್ದ ಆ ಹೊತ್ತಿನಲ್ಲಿ ಅವರೆಲ್ಲ ಒಂದಾಗುವುದು ಫಿಲಿಪ್‌ನಿಗೆ ಬೇಕಿತ್ತು. ಹದಿನೈದು ಅಂಶಗಳ ಪಟ್ಟಿಯಲ್ಲಿ ಹದಿನಾಲ್ಕಕ್ಕೆ ಎಲ್ಲರೂ ಒಪ್ಪಿದರು. ಹದಿನೈದನೆಯದರಲ್ಲೂ ಬಹುಪಾಲು ಒಪ್ಪಿದರು. ಉಳಿದದ್ದು ಒಂದೇ ವಾಕ್ಯ. ಸೆರೆಯಾಗುವ ರಾತ್ರಿ ಯೇಸು ಶಿಷ್ಯರೊಡನೆ ಊಟಕ್ಕೆ ಕೂತು, ರೊಟ್ಟಿಯನ್ನು ಮುರಿದು, ಅದನ್ನು ತಮ್ಮ ದೇಹ ಎಂದು ಕರೆದ ವಾಕ್ಯ. ಲೂಥರ್ ಆ ವಾಕ್ಯವನ್ನು ಸೀಮೆಸುಣ್ಣದಲ್ಲಿ ಲ್ಯಾಟಿನ್‌ನಲ್ಲೇ ಮೇಜಿನ ಮೇಲೆ ಬರೆದಿಟ್ಟ. ‘ಎಸ್ಟ್’ ಎಂಬ ಕ್ರಿಯಾಪದಕ್ಕೆ ‘ಆಗಿದೆ’ ಎಂದೇ ಅರ್ಥ, ಅದರಿಂದ ಅಲ್ಲಾಡುವುದಿಲ್ಲ ಎಂಬುದು ಅವನ ಪಟ್ಟು. ಜ್ವಿಂಗ್ಲಿಯ ಪ್ರಕಾರ ಅದಕ್ಕೆ ‘ಸೂಚಿಸುತ್ತದೆ’ ಎಂದು ಅರ್ಥ. ಫರೋಹನ ಕನಸಿನ ಏಳು ಹಸುಗಳು ಏಳು ವರ್ಷ ಎಂದು ಯೋಸೇಫ ಬಿಡಿಸಿ ಹೇಳಿದಾಗ ಹಸುಗಳೇ ವರ್ಷಗಳಾದವೇ? ಯೇಸು ತಮ್ಮನ್ನು ದ್ರಾಕ್ಷಿಬಳ್ಳಿ ಎಂದಾಗ ಅವರಿಗೆ ಎಲೆ ಮೂಡಿತೇ? ಈಕೊಲಂಪಾಡಿಯಸ್ ಬೇರೆ ದಾರಿ ಹಿಡಿದ. ಅವನಿಗೆ ಕ್ರಿಯಾಪದ ಸರಿಯಾಗಿಯೇ ಇತ್ತು, ‘ದೇಹ’ ಎಂಬ ಪದವೇ ದೇಹದ ಕುರುಹು ಎಂಬ ಅರ್ಥದಲ್ಲಿತ್ತು. ಇದಕ್ಕೆ ಕೆಲವು ವರ್ಷ ಮೊದಲು ಲೂಥರನ ಹಳೆಯ ಸಹೋದ್ಯೋಗಿ ಕಾರ್ಲ್‌ಸ್ಟಾಟ್ ಮೊದಲ ಪದವನ್ನೇ ಹಿಡಿದು ಜಗ್ಗಿದ್ದ. ಗ್ರೀಕ್‌ನಲ್ಲಿ ರೊಟ್ಟಿ ಪುಲ್ಲಿಂಗ, ‘ಇದು’ ಎಂಬ ಸರ್ವನಾಮ ನಪುಂಸಕಲಿಂಗ. ಹಾಗಾಗಿ ಯೇಸು ‘ಇದು’ ಎಂದು ತೋರಿಸಿದ್ದು ರೊಟ್ಟಿಯನ್ನಲ್ಲ, ಎದುರಿಗೆ ಕೂತಿದ್ದ ತಮ್ಮ ಶರೀರವನ್ನು ಎಂದು ಅವನ ವಾದ.

ಒಂದು ಪುಟ್ಟ ವಾಕ್ಯ. ಒಬ್ಬನಿಗೆ ಸರ್ವನಾಮದಲ್ಲಿ ಕೀಲಿ ಸಿಕ್ಕಿತು, ಒಬ್ಬನಿಗೆ ಕ್ರಿಯಾಪದದಲ್ಲಿ, ಮತ್ತೊಬ್ಬನಿಗೆ ನಾಮಪದದಲ್ಲಿ. ನಾಲ್ಕನೆಯವನಿಗೆ ಕೀಲಿಯೇ ಬೇಕಿರಲಿಲ್ಲ. ನಾಲ್ವರೂ ಪೋಪರ ಅಧಿಕಾರವನ್ನು ಧಿಕ್ಕರಿಸಿ ಗ್ರಂಥಕ್ಕೆ ತಲೆಬಾಗಿದವರು. ಮೂಲ ಭಾಷೆಗಳನ್ನು ಬಲ್ಲ ವಿದ್ವಾಂಸರು. ಅಂಥವರ ನಡುವೆಯೇ ‘ಬರೆದ ಹಾಗೆ ಓದುತ್ತೇನೆ’ ಎಂಬ ಮಾತಿನಿಂದ ಏನೂ ಇತ್ಯರ್ಥವಾಗಲಿಲ್ಲ.

ಇಡೀ ಜಗಳ ನಿಂತಿದ್ದ ಆ ಕ್ರಿಯಾಪದ ಕನ್ನಡದಲ್ಲಿ ಬೇಕಾಗುವುದೇ ಇಲ್ಲ. ‘ಇದು ನಮ್ಮ ಮನೆ’ ಎನ್ನುತ್ತೇವೆ, ‘ಆಗಿದೆ’ ಎಂದು ಸೇರಿಸುವುದಿಲ್ಲ. ಗೋಡೆಯ ಮೇಲಿನ ಫೋಟೋ ತೋರಿಸಿ ‘ಇವರು ನಮ್ಮಜ್ಜಿ’ ಎನ್ನುತ್ತೇವೆ. ಕೇಳಿದವರು ಕಾಗದವನ್ನು ಅಜ್ಜಿ ಎಂದು ತಿಳಿಯುವುದಿಲ್ಲ. ಪಡಸಾಲೆಯಲ್ಲಿ ಕೂತ ಅಜ್ಜಿಯನ್ನೇ ತೋರಿಸಿ ಅದೇ ಮಾತನ್ನು ಹೇಳಿದರೆ ಅದು ಕುರುಹಿನ ಮಾತು ಎಂದೂ ಯಾರೂ ತಿಳಿಯುವುದಿಲ್ಲ. ಎರಡೂ ಸಲ ವಾಕ್ಯ ಒಂದೇ, ಅರ್ಥ ಬೇರೆ. ಆ ಬೇರೆತನ ವಾಕ್ಯದೊಳಗೆ ಎಲ್ಲೂ ಇಲ್ಲ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲೂ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಕಿರಲಿಲ್ಲ. ಲೂಥರ್ ಮೇಜಿನ ಮೇಲೆ ಬರೆದ ‘ಎಸ್ಟ್’ ಆ ರಾತ್ರಿ ಯೇಸುವಿನ ಬಾಯಿಂದ ಹೊರಟಿರಲು ಕಾರಣವೇ ಇಲ್ಲ.

ಹಾಗಾದರೆ ಅರ್ಥ ಎಲ್ಲಿಂದ ಬರುತ್ತದೆ? ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ಒಂದು ಉಪಕರಣ ಕೆಲಸಕ್ಕೆ ಬರುತ್ತದೆ. ಗಂಗೆಯ ಮೇಲೆ ಹಟ್ಟಿ ಇದೆ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲಲಾರದು, ಆದ್ದರಿಂದ ಗಂಗೆಯ ದಡದ ಮೇಲೆ ಎಂದು ತಿಳಿಯುತ್ತೇವೆ. ಇದು ಲಕ್ಷಣಾ. ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಮಾತ್ರ ಲಕ್ಷಣೆಗೆ ಹೋಗಬೇಕು ಎಂಬುದು ನಿಯಮ. ಆದರೆ ಬಾಧೆ ಬಂದಿದೆ ಎಂದು ಹೇಳುವವರು ಯಾರು? ನೀರಿನ ಮೇಲೆ ಹಟ್ಟಿ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಆ ವಾಕ್ಯದಲ್ಲಿಲ್ಲ, ನಮ್ಮಲ್ಲಿದೆ. ಮಾರ್ಬುರ್ಗ್‌ನಲ್ಲಿ ನಡೆದದ್ದೂ ಇದೇ. ಏರಿಹೋದ ಕ್ರಿಸ್ತನ ದೇಹ ತಂದೆಯ ಬಲಗಡೆಯಲ್ಲಿದೆ, ದೇಹ ಎಂದ ಮೇಲೆ ಅದು ಒಂದು ಕಡೆಯಲ್ಲಿ ಮಾತ್ರ ಇರಬಲ್ಲದು ಎಂದು ಜ್ವಿಂಗ್ಲಿ ನಂಬಿದ್ದ. ಹಾಗಾಗಿ ಅವನಿಗೆ ಮುಖ್ಯಾರ್ಥ ಮುರಿದುಬಿತ್ತು. ದೇವರ ಬಲಗೈ ಎಂದರೆ ಒಂದು ಸ್ಥಳವಲ್ಲ, ಎಲ್ಲೆಡೆ ಹರಡಿದ ದೇವರ ಶಕ್ತಿ ಎಂದು ಲೂಥರ್ ನಂಬಿದ್ದ. ಅವನಿಗೆ ಬಾಧೆಯೇ ಬರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ರೊಟ್ಟಿಯ ವಾಕ್ಯವನ್ನು ಅಕ್ಷರಶಃ ಉಳಿಸಿಕೊಳ್ಳಲು ಲೂಥರ್ ‘ಬಲಗೈ’ ಎಂಬುದನ್ನು ಲಕ್ಷಣೆಯಿಂದ ಓದಿದ. ‘ಬಲಗಡೆ’ಯನ್ನು ಸ್ಥಳವೆಂದೇ ಉಳಿಸಿಕೊಳ್ಳಲು ಜ್ವಿಂಗ್ಲಿ ರೊಟ್ಟಿಯ ವಾಕ್ಯವನ್ನು ಲಕ್ಷಣೆಯಿಂದ ಓದಿದ. ವ್ಯಾಖ್ಯಾನ ಮಾಡದೆ ಓದಿದವರು ಆ ಮೇಜಿನಲ್ಲಿ ಯಾರೂ ಇರಲಿಲ್ಲ.

ಹಳೆಯ ಕ್ರೈಸ್ತ ಪರಂಪರೆಗೆ ಇದು ಗೊತ್ತಿತ್ತು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಗ್ರಂಥದ ‘ಅಕ್ಷರಾರ್ಥ’ವೇ ಎಲ್ಲಕ್ಕೂ ತಳಪಾಯ ಎಂದು ಹೇಳಿದವನು. ಆದರೆ ಅವನ ಅಕ್ಷರಾರ್ಥ ಇವತ್ತಿನವರ ಅಕ್ಷರಾರ್ಥವಲ್ಲ. ಗ್ರಂಥ ದೇವರ ತೋಳಿನ ಬಗ್ಗೆ ಮಾತಾಡಿದರೆ ದೇವರಿಗೆ ತೋಳಿದೆ ಎಂಬುದು ಅದರ ಅಕ್ಷರಾರ್ಥವಲ್ಲ, ದೇವರ ಕಾರ್ಯಶಕ್ತಿಯೇ ಅದರ ಅಕ್ಷರಾರ್ಥ ಎಂದು ಅವನು ಬಿಡಿಸಿ ಹೇಳುತ್ತಾನೆ. ಬರೆದವನು ಹೇಳಬೇಕೆಂದದ್ದೇ ಅಕ್ಷರಾರ್ಥ. ಅವನು ರೂಪಕದಲ್ಲಿ ಹೇಳಿದ್ದರೆ ರೂಪಕದ ಅರ್ಥವೇ ಅಕ್ಷರಾರ್ಥ. ಈ ಒಂದು ಭೇದವನ್ನು ಮರೆತದ್ದರಿಂದಲೇ ಆರು ದಿನಗಳ ಮೇಲಿನ ಜಗಳ ಹುಟ್ಟಿತು.

ಲೂಥರನ ಬಗ್ಗೆ ನನಗೆ ಅಸಮಾಧಾನವಿದೆ, ಮುಚ್ಚಿಡುವುದಿಲ್ಲ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದಾಗ ರೋಮಾಪುರದವರಿಗೆ ಪೌಲನು ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಅವನು ‘ಮಾತ್ರ’ ಎಂಬ ಪದವೊಂದನ್ನು ಸೇರಿಸಿದ. ನಂಬಿಕೆಯಿಂದ ಮಾತ್ರವೇ ಮನುಷ್ಯ ನೀತಿವಂತನೆನಿಸಿಕೊಳ್ಳುತ್ತಾನೆ ಎಂಬ ಅವನ ಸಿದ್ಧಾಂತಕ್ಕೆ ಆಧಾರವಾದ ವಾಕ್ಯ ಅದು. ಮೂಲ ಗ್ರೀಕ್‌ನಲ್ಲಿ ಆ ಪದವಿಲ್ಲ. ಟೀಕೆ ಬಂದಾಗ, 1530ರಲ್ಲಿ, ಅನುವಾದದ ಬಗ್ಗೆ ಒಂದು ಬಹಿರಂಗ ಪತ್ರ ಬರೆದ. ಜರ್ಮನ್ ಆಡುವ ಜನ ಹೀಗೇ ಹೇಳುತ್ತಾರೆ, ಮನೆಯ ತಾಯಿಯನ್ನೂ ಬೀದಿಯ ಮಕ್ಕಳನ್ನೂ ಸಂತೆಯ ಮನುಷ್ಯನನ್ನೂ ಕೇಳಿ ಅನುವಾದಿಸಬೇಕು, ಲ್ಯಾಟಿನ್ ಅಕ್ಷರಗಳನ್ನಲ್ಲ ಎಂದ. ಅನುವಾದಕನಾಗಿ ಅವನು ಹೇಳಿದ್ದು ಸರಿ. ಆದರೆ ಅದಕ್ಕೆ ಒಂದೇ ವರ್ಷ ಹಿಂದೆ ಒಂದು ಕ್ರಿಯಾಪದದ ಅಕ್ಷರಕ್ಕೆ ಅಂಟಿಕೊಂಡು ಜ್ವಿಂಗ್ಲಿಯ ಸಹಭಾಗಿತ್ವವನ್ನು ತಿರಸ್ಕರಿಸಿದವನೂ ಅವನೇ. ತನಗೆ ಬೇಕಾದಲ್ಲಿ ಅರ್ಥ, ಬೇಡವಾದಲ್ಲಿ ಅಕ್ಷರ ಎಂಬ ಈ ನಡೆಯನ್ನು ನಾನು ಒಪ್ಪಲಾರೆ. ಅವನ ಕಡೆಗೂ ಒಂದು ನ್ಯಾಯವಿದೆ: ಪಾಪಭಯದಲ್ಲಿ ನಡುಗುವವನಿಗೆ ದೇವರ ಮಾತು ಬಂಡೆಯಂತಿರಬೇಕು, ವಿದ್ವಾಂಸರು ಅದನ್ನು ಅಲ್ಲಾಡಿಸುತ್ತಾ ಹೋದರೆ ಅವನಿಗೆ ಹಿಡಿಯಲು ಏನೂ ಉಳಿಯುವುದಿಲ್ಲ ಎಂಬ ಆತಂಕ. ಆ ಆತಂಕ ನಿಜವಾದದ್ದು.

ಇದೇ ಲೂಥರನಿಗೆ ಎರಾಸ್ಮಸ್ 1524ರಲ್ಲಿ ಒಂದು ಮಾತು ಹೇಳಿದ್ದ. ಗ್ರಂಥದಲ್ಲಿ ನಮಗೆ ಎಟುಕದ ಕತ್ತಲ ಜಾಗಗಳಿವೆ, ಅಲ್ಲಿ ಎಷ್ಟು ಒಳಹೊಕ್ಕರೂ ಕತ್ತಲೆಯೇ ಹೆಚ್ಚುತ್ತದೆ, ಅಲ್ಲಿ ನಮ್ರತೆಯಿಂದ ನಿಲ್ಲಬೇಕು. ಆದರೆ ಒಳ್ಳೆಯ ಬದುಕಿಗೆ ಬೇಕಾದದ್ದು ಎಲ್ಲರಿಗೂ ಕಾಣುವಂತಿದೆ. ಮರುವರ್ಷ ಲೂಥರ್ ಇದಕ್ಕೆ ಕೊಟ್ಟ ಉತ್ತರ ಬಹಳ ಕಟುವಾಗಿತ್ತು. ಗ್ರಂಥ ಸ್ಪಷ್ಟ, ಕತ್ತಲೆ ಇರುವುದು ಓದುವವರ ಹೃದಯದಲ್ಲಿ ಎಂದ. ಈ ಉತ್ತರದ ಅಪಾಯ ಮಾರ್ಬುರ್ಗ್‌ನಲ್ಲಿ ಕಂಡಿತು. ಗ್ರಂಥ ಸ್ಪಷ್ಟವಾಗಿದ್ದೂ ಎದುರಿನವನು ಒಪ್ಪದಿದ್ದರೆ ತಪ್ಪು ಅವನ ಹೃದಯದ್ದೇ ಆಗಬೇಕು. ಸ್ಟ್ರಾಸ್‌ಬರ್ಗ್‌ನಿಂದ ಬಂದಿದ್ದ ಬೂಸರನಿಗೆ ಲೂಥರ್ ಅಲ್ಲಿ ಹೇಳಿದ್ದೂ ಅದನ್ನೇ: ನಿಮ್ಮ ಆತ್ಮವೇ ಬೇರೆ.

ಕ್ಯಾಥೊಲಿಕರು 1546ರ ಟ್ರೆಂಟ್ ಸಭೆಯಲ್ಲಿ ಬೇರೆ ಪರಿಹಾರ ಕೊಟ್ಟರು. ಧರ್ಮಸಭೆ ಹಿಡಿದುಕೊಂಡು ಬಂದ ಅರ್ಥಕ್ಕೆ ವಿರುದ್ಧವಾಗಿ ಯಾರೂ ತಮ್ಮಿಷ್ಟದಂತೆ ಗ್ರಂಥವನ್ನು ಅರ್ಥೈಸಬಾರದು ಎಂದು ವಿಧಿಸಿದರು. ಇದರಿಂದ ಜಗಳ ಕಡಿಮೆಯಾಗುತ್ತದೆ, ಓದುವ ಕೆಲಸ ಕಡಿಮೆಯಾಗುವುದಿಲ್ಲ. ಸಭೆಯ ನಿರ್ಣಯವನ್ನೂ ಯಾರಾದರೂ ಓದಿ ಅರ್ಥ ಮಾಡಲೇಬೇಕು. 1965ರ ನವೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಸಭೆ ಹೊರಡಿಸಿದ ‘ದೇಯಿ ವೆರ್ಬುಮ್’ ಎಂಬ ದಾಖಲೆ ಆ ಕೆಲಸವನ್ನು ಒಪ್ಪಿಕೊಂಡಿತು. ಕವಿತೆಯೋ ಇತಿಹಾಸವೋ ಪ್ರವಾದನೆಯೋ ಎಂದು ಬರವಣಿಗೆಯ ಬಗೆಯನ್ನು ಗುರುತಿಸಿ, ಬರೆದವನ ಉದ್ದೇಶವನ್ನು ಹುಡುಕಬೇಕು ಎಂದಿತು.

ನಂಬಿಕೆ ಹುಟ್ಟುವ ಬಗೆಯನ್ನು ನೋಡಿದರೂ ಇದೇ ಕಾಣುತ್ತದೆ. ಯೌವನದಲ್ಲಿ ಬೈಬಲನ್ನು ಕೈಗೆತ್ತಿಕೊಂಡ ಆಗಸ್ಟಿನ್‌ಗೆ ಸಿಸೆರೋನ ಗದ್ಯದ ಮುಂದೆ ಅದು ಒರಟಾಗಿ ಕಂಡಿತ್ತು. ಮುಂದೆ ಮಿಲಾನ್‌ನಲ್ಲಿ ಬಿಷಪ್ ಆಂಬ್ರೋಸ್‌ನ ಪ್ರವಚನಗಳನ್ನು ಕೇಳಿದ ಮೇಲೆ, ಹಳೆಯ ಒಡಂಬಡಿಕೆಯನ್ನು ಸಾಂಕೇತಿಕವಾಗಿಯೂ ಓದಬಹುದು ಎಂದು ತಿಳಿದ ಮೇಲೆ, ಆ ಪುಟಗಳು ಅವನಿಗೆ ತೆರೆದುಕೊಂಡವು. 386ರಲ್ಲಿ ತೋಟವೊಂದರಲ್ಲಿ ಪಕ್ಕದ ಮನೆಯಿಂದ ಮಗುವೊಂದರ ದನಿ ಕೇಳಿ, ಅದು ಓದು ಎನ್ನುತ್ತಿದೆ ಎಂದು ತಿಳಿದು ಪೌಲನ ಪತ್ರವನ್ನು ತೆರೆದ. 1738ರ ಮೇ 24ರ ಸಂಜೆ ಲಂಡನ್‌ನಲ್ಲಿ ಜಾನ್ ವೆಸ್ಲಿಯ ಎದೆ ಬೆಚ್ಚಗಾದದ್ದು ಯಾರೋ ಲೂಥರನ ಮುನ್ನುಡಿಯೊಂದನ್ನು ಓದುತ್ತಿದ್ದಾಗ. ಲೂಥರನಿಗೆ ಸಲ್ಲಬೇಕಾದ ಈ ಋಣವನ್ನೂ ಹೇಳಲೇಬೇಕು. ಇಬ್ಬರಿಗೂ ಗ್ರಂಥ ಮತ್ತೊಬ್ಬರ ದನಿಯ ಮೂಲಕವೇ ಬಂತು. ಧರ್ಮಸಭೆಯ ಸಾಕ್ಷಿ ಇಲ್ಲದಿದ್ದರೆ ತಾನು ಸುವಾರ್ತೆಯನ್ನು ನಂಬುತ್ತಿರಲಿಲ್ಲ ಎಂದು ಆಗಸ್ಟಿನ್ ಬರೆದದ್ದುಂಟು. ಕ್ಯಾಲ್ವಿನ್ ಅದನ್ನು ಒಪ್ಪದೆ, ಅದು ಇನ್ನೂ ನಂಬದವನ ಸ್ಥಿತಿಯ ಮಾತು, ನಂಬಿದವನಿಗೆ ಪವಿತ್ರಾತ್ಮನೇ ಒಳಗಿನ ಸಾಕ್ಷಿ ಎಂದು ವಾದಿಸಿದ. ಕ್ಯಾಲ್ವಿನ್ ಹೇಳುವ ಒಳಗಿನ ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಹೊರಗಿನ ದನಿ ಇಲ್ಲದೆ ಅದು ಎಚ್ಚೆತ್ತ ಉದಾಹರಣೆ ಅಪರೂಪ.

ಅದೇ ಆಗಸ್ಟಿನ್ ಓದಿಗೆ ಒಂದು ಒರೆಗಲ್ಲನ್ನೂ ಕೊಟ್ಟ. ದೇವರ ಮೇಲಿನ ಪ್ರೀತಿಯನ್ನೂ ನೆರೆಯವರ ಮೇಲಿನ ಪ್ರೀತಿಯನ್ನೂ ಬೆಳೆಸದ ಅರ್ಥ ಗ್ರಂಥದ ಅರ್ಥವೇ ಅಲ್ಲ. ಪ್ರೀತಿ ಬೆಳೆಸುವಂತೆ ಓದಿ ಎಲ್ಲೋ ತಪ್ಪಿದವನು ದಾರಿ ಬಿಟ್ಟು ಹೊಲದ ಮೇಲೆ ಹಾದು ಅದೇ ಊರು ಸೇರಿದವನಂತೆ. ಅವನನ್ನು ತಿದ್ದಬೇಕು, ಆದರೆ ಅವನು ಸುಳ್ಳುಗಾರನಲ್ಲ.

ಮಾರ್ಬುರ್ಗ್‌ನ ಜಗಳ ನಮ್ಮ ಕರಾವಳಿಗೂ ಬಂದಿದೆ. ಈಕೊಲಂಪಾಡಿಯಸ್‌ನ ಊರಾದ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಅದರಲ್ಲಿ ಲೂಥರನ ಪರಂಪರೆಯವರೂ ಸ್ವಿಸ್ ಸುಧಾರಕರ ಪರಂಪರೆಯವರೂ ಕೂಡಿಯೇ ಕೆಲಸ ಮಾಡಿದರು. ಇವತ್ತಿಗೂ ಕನ್ನಡ ಪ್ರೊಟೆಸ್ಟೆಂಟರು ‘ಕರ್ತನ ಭೋಜನ’ ಎನ್ನುತ್ತಾರೆ, ಕ್ಯಾಥೊಲಿಕರು ‘ಪರಮಪ್ರಸಾದ’ ಎನ್ನುತ್ತಾರೆ. ಒಂದೇ ವಾಕ್ಯದ ಎರಡು ಓದು ಈ ಎರಡು ಹೆಸರುಗಳಲ್ಲೇ ಇದೆ. ಲೂಥರನ್ ಮತ್ತು ಸ್ವಿಸ್ ಪರಂಪರೆಯ ಯುರೋಪಿನ ಸಭೆಗಳು ಹಳೆಯ ಖಂಡನೆಗಳು ಈಗ ಪರಸ್ಪರರಿಗೆ ಅನ್ವಯಿಸುವುದಿಲ್ಲ ಎಂದು ಸಾರಿ, ಒಬ್ಬರ ಮೇಜಿನಲ್ಲಿ ಮತ್ತೊಬ್ಬರು ರೊಟ್ಟಿ ತೆಗೆದುಕೊಳ್ಳಲು ಒಪ್ಪಿದ್ದು 1973ರ ಮಾರ್ಚ್ 16ರ ಒಪ್ಪಂದದಲ್ಲಿ. ಅದು ಸಿದ್ಧವಾದ ಜಾಗದ ಹೆಸರು ಲಾಯೆನ್‌ಬರ್ಗ್, ಅದಿರುವುದು ಬಾಸೆಲ್‌ನ ಹಳ್ಳಿಗಾಡಿನಲ್ಲಿ. ಮಾರ್ಬುರ್ಗ್‌ನಿಂದ ಅಲ್ಲಿಗೆ ಬರಲು ಅವರಿಗೆ 444 ವರ್ಷ ಹಿಡಿಯಿತು.